ಬೆಕ್ಕಿನ ಸರ್ಪಸುತ್ತು

ಮೆಂಡೋಸಾ
೧೪ ಸೆಪ್ಟೆಂಬರ್ ೧೯೯೧

ಪ್ರೀತಿಯ ದೊಡ್ಡಮ್ಮ,

ಇವತ್ತು ಬೆಳಿಗ್ಗೆ ನಿಮ್ಮ ಹೊಲಿಗೆ ಯಂತ್ರದ ಮೇಲೆ, ಮೆಂಬ್ರೀಯೊ ರಾತ್ರಿ ಮಲಗುವ ಜಾಗದಲ್ಲಿ, ಕೂದಲಿನ ಸಣ್ಣ ಮುದ್ದೆಯೊಂದು ಸಿಕ್ಕಿತು. ತಾನಾಗಿ ಉದುರಿದ ಕೂದಲಲ್ಲ. ಒದ್ದೆಯಾಗಿತ್ತು, ತುದಿಗಳು ಕಚ್ಚಿ ತುಂಡರಿಸಿದಂತಿದ್ದವು. ಅವನನ್ನು ಮಗುಚಿ ನೋಡಿದೆ. ಹೊಟ್ಟೆಯ ಎಡಗಡೆ, ಹಿಂಗಾಲಿನ ಸಂದಿಯ ಹತ್ತಿರ, ಅಂಗಿಯ ಗುಂಡಿಯಷ್ಟು ಜಾಗ ಬೋಳಾಗಿ ಕೆಂಪಗಾಗಿದೆ. ಬಲಗಡೆ ಇನ್ನೊಂದು, ಅದಕ್ಕಿಂತ ಚಿಕ್ಕದು.

ನಾನು ಮುಟ್ಟಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಕೈ ತೆಗೆದ ಕೂಡಲೇ ಮಾತ್ರ ಅಲ್ಲಿಯೇ ನೆಕ್ಕಲು ಶುರು ಮಾಡುತ್ತಾನೆ. ಬೆಳಗಿನ ಹೊತ್ತು ಗಲ್ಲವನ್ನು ಕುರ್ಚಿಯ ಕಾಲಿಗೆ ಉಜ್ಜುತ್ತಾನೆ. ಮಧ್ಯಾಹ್ನ ಕಡಿಮೆ. ಹೋದ ವಾರದಿಂದ ಬೀದಿಯ ಪ್ಲಾತನೊ ಮರಗಳು ಕಾಯಿಗಳನ್ನು ಬಿರಿದು ಹಳದಿ ನವಿರನ್ನು ತೂರುತ್ತಿವೆ. ನಿಮ್ಮ ಅಡುಗೆಮನೆಯ ನೆಲದ ಮೇಲೂ ಅದೇ.

ಫೋನಿನಲ್ಲಿ ನಾನು ಬರೀ ಹೂಂಗುಟ್ಟುತ್ತೇನೆ ಎಂದು ನೀವೇ ಬೈದಿದ್ದರಿಂದ ಬರೆಯುತ್ತಿದ್ದೇನೆ. ನಿಯೆವೆಸ್ ಅಕ್ಕನ ಬಾಣಂತನ ಹೇಗೆ ನಡೆದಿದೆ? ಮಗು ತಾದೆಯೊ ಯಾರ ಹಾಗಿದ್ದಾನೆ? ಬೆಕ್ಕಿಗೆ ಏನು ಮಾಡಲಿ ಎಂದು ತಿಳಿಸಿ. ನೀವು ಹೇಳುವವರೆಗೆ ನಾನಾಗಿ ಏನೂ ಮಾಡುವುದಿಲ್ಲ.

ನಿಮ್ಮ,
ಲಿಸಾಂದ್ರಾ

ರಿಯೊ ಗಾಯೆಗೋಸ್
೨೩ ಸೆಪ್ಟೆಂಬರ್

ಲಿಸಾಂದ್ರಾ ಮಗಳೇ,

ಗಾಬರಿ ಬೀಳಬೇಡ. ನೀನು ಎರಡು ಪುಟ ಬರೆದದ್ದನ್ನು ನಾನು ಒಂದೇ ಮಾತಲ್ಲಿ ಹೇಳ್ತೀನಿ: ಅದು ಸರ್ಪಸುತ್ತು. ಅವನಿಗೆ ಪ್ರತಿ ವಸಂತದಲ್ಲೂ, ಸೆಪ್ಟೆಂಬರ್ ಬಂತು ಅಂದ್ರೆ, ಬರುತ್ತೆ. ನೀನು ಆ ಹೊತ್ತಿಗೆ ಯಾವಾಗಲೂ ಪುಸ್ತಕದಲ್ಲಿ ಮುಳುಗಿರ್ತಿದ್ದೆ, ನಿನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೆ. ಒಂಬತ್ತು ವರ್ಷದಿಂದ ಪಕ್ಕದ ಮನೆ ದೋನ್ಯಾ ಕಾಸಿಲ್ದಾ ಬಂದು, ಸುತ್ತಿನ ಎರಡೂ ತುದಿಗೆ ಇಂಕಿನಲ್ಲಿ ಪವಿತ್ರ ಹೆಸರು ಬರೆದು, ಪ್ರಾರ್ಥನೆ ಹೇಳಿ ಇಳಿಸ್ತಾರೆ. ಒಂಬತ್ತು ವರ್ಷವೂ ವಾಸಿಯಾಗಿದೆ. ಕಪ್ಪು ಇಂಕಿನ ಸೀಸೆ ನನ್ನ ದಾರದ ಡಬ್ಬದಲ್ಲಿದೆ. ಎಡಗಡೆಯದೂ ಬಲಗಡೆಯದೂ ಒಂದಕ್ಕೊಂದು ಹತ್ತಿರ ಬರ್ತಿವೆಯಾ ಅಂತ ನೋಡ್ತಿರು. ಹಾವಿನ ತಲೆ ಬಾಲ ಸೇರಿದರೆ ಮುಗೀತು. ಮನುಷ್ಯರಿಗೂ ಅಷ್ಟೆ, ಬೆಕ್ಕಿಗೂ ಅಷ್ಟೆ.

ಈ ಸಲ ಇನ್ನೊಂದು ವಿಷಯ ಇದೆ. ಕ್ರಿಸ್ಮಸ್ಸಿಗೆ ನಾನು ನಿಯೆವೆಸ್‌ನ, ಮಗುವನ್ನ ಕರ್ಕೊಂಡು ಬರ್ತೀನಿ. ಅವಳು ಆಗಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ, ಚರ್ಮ ಕೆಟ್ಟ ಬೆಕ್ಕು ಇರೋ ಮನೆಗೆ ಕೂಸು ತರಲ್ಲ ಅಂತ. ಡಿಸೆಂಬರಿಗೆ ಅವನ ಹೊಟ್ಟೆ ಸ್ವಚ್ಛ ಇರ್ಲಿಲ್ಲ ಅಂದ್ರೆ ನಿನ್ನ ಫೆರ್ಮೀನ್ ಮಾವ ಅವನನ್ನ ಲಾರಿಯಲ್ಲಿ ತನ್ನ ದ್ರಾಕ್ಷಿತೋಟಕ್ಕೆ ಕರ್ಕೊಂಡು ಹೋಗ್ಬೇಕಾಗುತ್ತೆ. ಅಲ್ಲಿ ನಾಲ್ಕು ನಾಯಿ ಇವೆ. ಹುಟ್ಟಿದಾಗಿನಿಂದ ಇಸ್ತ್ರಿ ಮಾಡಿದ ಬಟ್ಟೆ ಮೇಲೆ ಮಲಗಿದ ಬೆಕ್ಕು ಅಲ್ಲಿ ಎಷ್ಟು ದಿನ ಬಾಳುತ್ತೆ, ನೀನೇ ಹೇಳು. ಅದಕ್ಕೇ ತಡ ಮಾಡಬೇಡ. ಕಾಸಿಲ್ದಾಗೆ ಬಾಗಿಲು ತೆಗಿ. ಕಿಟಕಿ ಸಂದಿಯಲ್ಲಿ ನೋಡಿ ಒಳಗೆ ಅಡಗಿಕೊಳ್ಳೋದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?

ಮುಂದಿನ ಹಜಾರದ ನೆಲಕ್ಕೆ, ಬೀದಿ ಕಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸೋದು ತಪ್ಪಿಸಬೇಡ. ಕನ್ನಡಿ ಹಾಗಿರ್ಬೇಕು.

ದೊಡ್ಡಮ್ಮ

ಮೆಂಡೋಸಾ
೨ ಅಕ್ಟೋಬರ್

ಪ್ರೀತಿಯ ದೊಡ್ಡಮ್ಮ,

ಶನಿವಾರ ದೋನ್ಯಾ ಕಾಸಿಲ್ದಾ ಬಂದಿದ್ದರು. ನಾನು ಪದವಿ ಪತ್ರ ತರಲು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ನೀವು ಕೊಟ್ಟಿದ್ದ ಕೀಲಿಯಿಂದ ಬಾಗಿಲು ತೆಗೆದುಕೊಂಡು ಅವರೇ ಇಂಕು ಬರೆದಿದ್ದರು. ನಾನು ಬಂದಾಗ ಕೆಲಸ ಮುಗಿದಿತ್ತು. ಆಮೇಲೆ ಮೆಂಬ್ರೀಯೊಗೆ ಹೊಟ್ಟೆ ಸ್ವಲ್ಪ ಕೆಟ್ಟಿತ್ತು. ಈಗ ಸರಿಯಾಗಿದ್ದಾನೆ.

ನಿಮ್ಮ ಕಾಲರ್ ಮಾದರಿಯ ರಟ್ಟನ್ನು ಕತ್ತರಿಸಿ ಅವನ ಕುತ್ತಿಗೆಗೆ ಕೊಳವೆಯ ಹಾಗೆ ಕಟ್ಟಿದ್ದೇನೆ, ನೆಕ್ಕದಿರಲಿ ಎಂದು. ಬಾಗಿಲ ಚೌಕಟ್ಟಿಗೆಲ್ಲ ಡಿಕ್ಕಿ ಹೊಡೆಯುತ್ತಾನೆ. ಊಟಕ್ಕೆ ಮಾತ್ರ ಬಿಚ್ಚುತ್ತೇನೆ. ನಿಮ್ಮ ಅಳತೆಯ ಕಾಗದಗಳಲ್ಲಿ ಒಂದು ಹಾಳಾಯಿತು, ಕ್ಷಮಿಸಿ.

ಹೋದ ಮಂಗಳವಾರ ಸೊಂದಾ ಗಾಳಿ ಬೀಸಿತು. ಬೆಟ್ಟದ ಕಡೆಯಿಂದ ಇಡೀ ದಿನ ಬಿಸಿ ಧೂಳು. ಕಿಟಕಿಗಳ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿದ್ದೆವು. ಮಾರನೆಯ ದಿನ ಅವನ ಕೆರೆತ ಜಾಸ್ತಿಯಾಗಿತ್ತು. ಕಿಟಕಿ ತೆಗೆಯದ ಭಾನುವಾರ ಕಡಿಮೆ ಇತ್ತು. ಇಂಥದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ.

ಎಡಗಡೆಯದು ಈಗ ಕೋಟಿನ ಗುಂಡಿಯಷ್ಟಿದೆ. ಬಲಗಡೆಯದೂ ಬೆಳೆದಿದೆ. ನಡುವೆ ಮೂರು ಬೆರಳಿನ ಅಂತರ ಉಳಿದಿದೆ.

ನಿಮ್ಮ,
ಲಿಸಾಂದ್ರಾ

ರಿಯೊ ಗಾಯೆಗೋಸ್
೧೨ ಅಕ್ಟೋಬರ್

ಲಿಸಾಂದ್ರಾ,

ಕಾಸಿಲ್ದಾ ಕಾಗದ ಬರೆದಿದ್ದಾರೆ. ಇಂಕು ಚೆನ್ನಾಗಿ ಹಿಡಿದಿತ್ತಂತೆ, ನೀನು ಸೋಪು ಹಾಕಿ ತೊಳೆದುಬಿಟ್ಟೆಯಂತೆ. "ನಿಮ್ಮ ಓದಿದ ಹುಡುಗಿ ದೇವರ ಹೆಸರನ್ನೇ ಅಳಿಸಿಬಿಟ್ಟಳು" ಅಂತ ಬರೆದಿದ್ದಾರೆ. ನೀನು ಬರೆದಿದ್ದು ಹೊಟ್ಟೆ ಕೆಟ್ಟಿತ್ತು ಅಂತ ಮಾತ್ರ. ನನಗೆ ಅರ್ಧಂಬರ್ಧ ಹೇಳಬೇಡ. ನಾನು ನಲವತ್ತು ವರ್ಷ ಮದುವಣಗಿತ್ತಿಯರ ಸೊಂಟದ ಅಳತೆ ತೆಗೆದವಳು, ಉಸಿರು ಬಿಗಿಹಿಡಿದವರು ಯಾರು ಅಂತ ಗೊತ್ತಾಗುತ್ತೆ.

ಇಷ್ಟಕ್ಕೆಲ್ಲ ಬೇಗ ಉತ್ತರ ಬರಿ: ಕೆಂಪಗಾದ ಜಾಗ ಒಣಗಿ ಸಿಪ್ಪೆ ಏಳುತ್ತಾ, ಇಲ್ಲ ನೀರು ಒಸರುತ್ತಾ? ಕುತ್ತಿಗೆ ಮಡಿಕೆಯಲ್ಲಿ ಬರುತ್ತಾ? ಕೆನ್ನೆಗೆ? ಬೆಳಗಿನ ಜಾವ ಹೆಚ್ಚಾ? ಸೋಪು ಹಾಕಿದ್ರೆ ಉರಿ ಏರುತ್ತಾ? ಇಂಕು ಹಾಕಿದ ಎಷ್ಟು ಹೊತ್ತಿಗೆ ಹೊಟ್ಟೆ ಕೆಟ್ಟಿತು?

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ಗಾಳಿ ಮಾತ್ರ ಜೋರು. ಒಲೆ ಆರಿಸೋ ಹಾಗೇ ಇಲ್ಲ.

ದೊಡ್ಡಮ್ಮ

ಮೆಂಡೋಸಾ
೨೦ ಅಕ್ಟೋಬರ್

ಪ್ರೀತಿಯ ದೊಡ್ಡಮ್ಮ,

ನೀವು ಅವನ ಬಗ್ಗೆ ಇಷ್ಟು ಚಿಂತೆ ಮಾಡುತ್ತಿದ್ದೀರೆಂದು ತಿಳಿದಿದ್ದರೆ ಮೊದಲೇ ಎಲ್ಲ ಬರೆಯುತ್ತಿದ್ದೆ. ನಡೆದದ್ದು ಹೀಗೆ.

ಆ ಶನಿವಾರ ನಾನು ಬಾಗಿಲು ತೆಗೆದಾಗ ಮೆಂಬ್ರೀಯೊ ಹಜಾರದಲ್ಲಿ ಬಾಯಿ ತೆರೆದು ನಿಂತಿದ್ದ. ಜೊಲ್ಲು ಕಪ್ಪಗಿತ್ತು, ನಾಲಿಗೆ ಕಪ್ಪಗಿತ್ತು. ಬರೆದದ್ದರಲ್ಲಿ ಅರ್ಧವನ್ನು ನೆಕ್ಕಿದ್ದ. ನಾಲ್ಕು ಸಲ ವಾಂತಿ ಮಾಡಿದ. ದೋನ್ಯಾ ಕಾಸಿಲ್ದಾ "ವಿಷ ಇಳೀತಿದೆ, ಬಿಡು" ಎಂದರು. ನಾನು ಬಿಡಲಿಲ್ಲ. ನಿಮ್ಮ ಹೊಲಿಗೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹತ್ತು ಬೀದಿ ಓಡಿದೆ. ಶನಿವಾರ ಮಧ್ಯಾಹ್ನ ತೆರೆದಿದ್ದವರು ಡಾಕ್ಟರ್ ಲುಸೆರೋ ಒಬ್ಬರೇ. ಅವರು ಕುದುರೆ ಡಾಕ್ಟರು.

ಹೊಟ್ಟೆ ನೋಡಿದವರೇ, "ಇದರ ಮೇಲೆ ಕವಿತೆ ಬರೆದೋರು ಯಾರಮ್ಮ?" ಎಂದರು.

"ಪಕ್ಕದ ಮನೆಯವರು. ಸರ್ಪಸುತ್ತು ಅಂತ."

"ಸರ್ಪಾನೂ ಇಲ್ಲ, ಸುತ್ತೂ ಇಲ್ಲ. ಇದು ಅಲರ್ಜಿ. ನಿಮ್ಮ ಬೀದಿಯಲ್ಲಿ ಯಾವ ಮರ?"

"ಪ್ಲಾತನೊ."

"ಎಷ್ಟಿವೆ?"

"ನಮ್ಮ ಕಡೆ ಹದಿನಾಲ್ಕು. ಎದುರುಗಡೆ ಹನ್ನೊಂದು, ಒಂದು ಕಡಿದಿದ್ದಾರೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಕುದುರೆ ಸಾಕೋರು ತಮ್ಮ ಕುದುರೆಗೆ ಎಷ್ಟು ಕಾಲು ಅಂದ್ರೂ ಬಗ್ಗಿ ನೋಡ್ತಾರೆ. ಇನ್ನೇನೇನು ಎಣಿಸಿದ್ದೀಯಾ ಹೇಳು."

ನಾನು ಪುಸ್ತಕ ತೆಗೆದು ಓದಿದೆ. ಯಾವ ದಿನ ಗಾಳಿ, ಯಾವ ದಿನ ಕಿಟಕಿ ಮುಚ್ಚಿತ್ತು, ಎಷ್ಟು ಸಲ ಕೆರೆದ, ಎಲ್ಲಿ ಮಲಗಿದ. ಅವರು ಬೆರಳು ಮಡಚುತ್ತ ಕೇಳಿಸಿಕೊಂಡರು. ಕೊನೆಗೆ ಒಂದು ಇಂಜೆಕ್ಷನ್ ಕೊಟ್ಟು, ನೆಲ ಯಾವುದರಲ್ಲಿ ಒರೆಸುತ್ತೀಯ ಎಂದು ಕೇಳಿದರು. ಸೀಮೆಎಣ್ಣೆ ಎಂದೆ. "ಹುಣ್ಣಾದ ಹೊಟ್ಟೇನ ಅದರ ಮೇಲೆ ಇಟ್ಕೊಂಡು ಮಲಗುತ್ತೆ, ಆಮೇಲೆ ಅದನ್ನೇ ನೆಕ್ಕುತ್ತೆ. ಬರೀ ನೀರಲ್ಲಿ ಒರೆಸು" ಎಂದರು. ಅವನು ಹೊರಗಿಂದ ಬಂದಾಗಲೆಲ್ಲ ಒದ್ದೆ ಬಟ್ಟೆಯಿಂದ ಮೈ ಒರೆಸಬೇಕು, ಪಾದಗಳನ್ನೂ. ಬೆಳಿಗ್ಗೆ ಕಿಟಕಿ ತೆಗೆಯಬಾರದು. ನೆಕ್ಕಲು ಬಿಡಬಾರದು.

"ಪೂರ್ತಿ ವಾಸಿ ಆಗುತ್ತಾ?" ಎಂದು ಕೇಳಿದೆ.

"ಆಗಲ್ಲ. ಹೋಗುತ್ತೆ, ಬರುತ್ತೆ. ಮುಂದಿನ ವರ್ಷ ಮರ ಬಿರಿಯೋ ಮುಂಚೇನೇ ಕರ್ಕೊಂಡು ಬಾ."

ಈಗ ನಿಮ್ಮ ಪ್ರಶ್ನೆಗಳು. ನೆಕ್ಕಿದಲ್ಲಿ ಒಸರುತ್ತದೆ, ಬಿಟ್ಟಲ್ಲಿ ಒಣಗಿ ಸಿಪ್ಪೆ ಏಳುತ್ತದೆ. ಕುತ್ತಿಗೆಯ ಮಡಿಕೆಯಲ್ಲಿ ಇಲ್ಲ, ಗಲ್ಲದ ಕೆಳಗೆ ಸ್ವಲ್ಪ ಇದೆ. ಬೆಳಗಿನ ಜಾವ ಹೆಚ್ಚು. ಸೋಪು ಹಾಕಿದರೆ ಉರಿ ಏರುತ್ತದೆ. ಇಂಕು ಹೋಗಲೆಂದು ಒಂದೇ ಸಲ ಹಾಕಿದ್ದು. ಇಂಕು ಹಾಕಿದ ಒಂದು ಗಂಟೆಯೊಳಗೆ ವಾಂತಿ.

ಇನ್ನೊಂದನ್ನೂ ಹೇಳಬೇಕು. ನಿಮ್ಮ ಅಡುಗೆಮನೆಯ ಮೊಳೆಗೆ ಒಂದರ ಮೇಲೊಂದು ನೇತುಹಾಕಿರುವ ಹಳೆಯ ಕ್ಯಾಲೆಂಡರ್‌ಗಳನ್ನು ಇಳಿಸಿ ನೋಡಿದೆ. ನೀವು ಪ್ರತಿ ವರ್ಷ ಪೆನ್ಸಿಲ್‌ನಲ್ಲಿ "ಮೆಂಬ್ರೀಯೊ, ಇಂಕು" ಎಂದು, ಆಮೇಲೆ "ವಾಸಿ" ಎಂದು ಗುರುತು ಹಾಕಿದ್ದೀರಿ. ಇಂಕು ಒಂದು ವರ್ಷ ಸೆಪ್ಟೆಂಬರ್ ಎಂಟಕ್ಕೆ, ಒಂದು ವರ್ಷ ಅಕ್ಟೋಬರ್ ಮೊದಲ ವಾರ, ಒಂದು ವರ್ಷ ಅಕ್ಟೋಬರ್ ಮೂವತ್ತಕ್ಕೆ. ವಾಸಿ ಮಾತ್ರ ಯಾವಾಗಲೂ ನವೆಂಬರ್ ಕೊನೆಯ ವಾರ, ಚೆರ್ರಿ ಹಣ್ಣು ಬರುವ ಹೊತ್ತಿಗೆ. ೧೯೮೭ರಲ್ಲಿ ದೋನ್ಯಾ ಕಾಸಿಲ್ದಾ ಮಗಳ ಊರಿಗೆ ಹೋಗಿದ್ದರು. ಆ ವರ್ಷದ ಹಾಳೆಯ ಮೇಲೆ "ಇಂಕು ಇಲ್ಲ, ದೇವರೇ ಗತಿ" ಎಂದು ಬರೆದಿದ್ದೀರಿ. ಅದರ ಕೆಳಗೆ, ನವೆಂಬರ್ ಇಪ್ಪತ್ತೊಂಬತ್ತರಂದು, "ವಾಸಿ".

ದೊಡ್ಡಮ್ಮ, ಇನ್ನು ಈ ಮನೆಯಲ್ಲಿ ಅವನಿಗೆ ಇಂಕು ಹಾಕಲು ನಾನು ಬಿಡುವುದಿಲ್ಲ. ನಿಮಗೆ ಸಿಟ್ಟು ಬರಬಹುದು.

ಲಿಸಾಂದ್ರಾ

ಮೆಂಡೋಸಾ
೧೧ ನವೆಂಬರ್

ಪ್ರೀತಿಯ ದೊಡ್ಡಮ್ಮ,

ಮೂರು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಸಿಟ್ಟು ಬಂದಿದೆ ಎಂದು ತಿಳಿದಿದ್ದೇನೆ. ಆದರೂ ಸುದ್ದಿ ಒಳ್ಳೆಯದಾಗಿರುವುದರಿಂದ ಬರೆಯುತ್ತಿದ್ದೇನೆ. ಬಲಗಡೆಯ ಗುರುತು ಹೋಗಿದೆ. ಎಡಗಡೆಯದರ ಮೇಲೆ ಬಿಳಿಯ ನವಿರು ಮೂಡಿದೆ, ನಿಮ್ಮ ವೆಲ್ವೆಟ್ ಬಟ್ಟೆಯನ್ನು ಎದುರು ದಿಕ್ಕಿಗೆ ಸವರಿದರೆ ಕಾಣುವ ಹಾಗೆ. ಎರಡೂ ಸೇರಲಿಲ್ಲ. ರಟ್ಟಿನ ಕೊಳವೆಯನ್ನು ಈಗ ಮಧ್ಯಾಹ್ನವಿಡೀ ಬಿಚ್ಚಿಡುತ್ತೇನೆ.

ಹೋದ ವಾರ ಬೀದಿ ಕಟ್ಟೆ ಒರೆಸುವಾಗ ದೋನ್ಯಾ ಕಾಸಿಲ್ದಾ ತಮ್ಮ ಬಾಗಿಲಲ್ಲಿ ಸೋರೆಬುರುಡೆಯಿಂದ ಮಾಟೆ ಚಹಾ ಹೀರುತ್ತ ನಿಂತಿದ್ದರು.

"ಏನೇ, ನಿಮ್ಮ ಮನೆ ಮುಂದಿನ ಕಲ್ಲು ಅತ್ತುಕೊಂಡು ಕೂತ ಹಾಗಿದೆ! ಸೀಮೆಎಣ್ಣೆ ತೀರಿತೋ, ತೋಳು ಸೋತಿತೋ?"

ಮೊದಲಾಗಿದ್ದರೆ ಬಕೆಟ್ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. "ಎರಡೂ ಇದೆ ದೋನ್ಯಾ ಕಾಸಿಲ್ದಾ. ಬೆಕ್ಕಿಗೆ ಆಗಲ್ಲ ಅದಕ್ಕೆ" ಎಂದೆ.

"ಬೆಕ್ಕಿಗೋಸ್ಕರ ಕಟ್ಟೆ ಕೆಡಿಸ್ಕೊಂಡೋರನ್ನ ಇವತ್ತೇ ನೋಡಿದ್ದು. ನಿಮ್ಮ ದೊಡ್ಡಮ್ಮ ಒಬ್ದೂಲಿಯಾ ಬರಲಿ, ನಿನ್ನನ್ನೇ ಹಾಕಿ ಒರೆಸ್ತಾಳೆ."

ಅಷ್ಟರಲ್ಲಿ ಮೆಂಬ್ರೀಯೊ ಹೊರಗೆ ಬಂದು ಅವರ ಕಾಲಿಗೆ ಮೈ ಉಜ್ಜಿದ. ಇಂಕು ಹಾಕಿದ ಕೈ ಎಂದು ಅವನಿಗೆ ನೆನಪಿಲ್ಲವೋ, ನೆನಪಿದ್ದೂ ಕ್ಷಮಿಸಿದನೋ. ಅವರ ಮುಖ ಕರಗಿತು. ಆಗ ಒಂದು ಮಾತು ಕೇಳಿದೆ: "ದಿನಾ ಸಂಜೆ ಅವನ ಮೈ ಒರೆಸ್ಬೇಕು. ನಾನು ಒಬ್ಬಳೇ ಹಿಡಿದ್ರೆ ಜಾರ್ಕೋತಾನೆ. ನೀವು ಬರ್ತೀರಾ? ಪ್ರಾರ್ಥನೆ ಹೇಳಿ, ಬೇಡ ಅನ್ನಲ್ಲ. ಇಂಕು ಮಾತ್ರ ಬೇಡ."

ಅವರು ಬಹಳ ಹೊತ್ತು ಮಾಟೆ ಹೀರಿದರು. ಬುರುಡೆಯಲ್ಲಿ ನೀರು ಮುಗಿದು ಗೊರಗೊರ ಸದ್ದು ಬಂದಮೇಲೂ ಹೀರಿದರು. "ಬಟ್ಟೆ ಬೆಚ್ಚಗಿರಬೇಕು. ತಣ್ಣೀರಲ್ಲಿ ಒರೆಸಿದ್ರೆ ಯಾವ ಬೆಕ್ಕು ನಿಲ್ಲುತ್ತೆ? ಓದಿದೋರಿಗೆ ಅದೂ ಗೊತ್ತಿಲ್ಲ" ಎಂದರು. ಅಂದಿನಿಂದ ದಿನಾ ಬರುತ್ತಾರೆ. ಅವರ ಮಡಿಲಲ್ಲಿ ಅವನು ಅಲುಗಾಡುವುದಿಲ್ಲ.

ಪಾಠದಲ್ಲಿ ಹಿಂದುಳಿದು ಡಿಸೆಂಬರಿನ ಮರುಪರೀಕ್ಷೆಗೆ ಕೂರಬೇಕಾದ ಮೂಲೆಮನೆಯ ಅವಳಿ ಹುಡುಗಿಯರು ವ್ಯಾಕರಣ ಹೇಳಿಸಿಕೊಳ್ಳಲು ಬರುತ್ತಿದ್ದಾರೆ. ಕಾಸಿಲ್ದಾ ಅವರೇ ಕಳಿಸಿದ್ದು. ಅವರಿಂದ ಇನ್ನಿಬ್ಬರು. ಊಟದ ಮೇಜಿನ ಮೇಲೆ ಪಾಠ ನಡೆಯುತ್ತದೆ. ಮಾತನಾಡಿ ಮಾತನಾಡಿ ಸಂಜೆಗೆ ಗಂಟಲು ಕಟ್ಟುತ್ತದೆ.

ಬೈಯಲಿಕ್ಕಾದರೂ ಬರೆಯಿರಿ.

ಲಿಸಾಂದ್ರಾ

ರಿಯೊ ಗಾಯೆಗೋಸ್
೨೪ ನವೆಂಬರ್

ಲಿಸಾಂದ್ರಾ ಮಗಳೇ,

ನಾನು ಆ ಪ್ರಶ್ನೆಗಳನ್ನ ಕೇಳಿದ್ದು ಬೆಕ್ಕಿಗಾಗಿ ಅಲ್ಲ. ನಿನಗೆ ಹೇಳಿರಲಿಲ್ಲ. ಕೂಸಿನ ಎರಡು ಕೆನ್ನೆ ಮೇಲೂ, ಕುತ್ತಿಗೆ ಮಡಿಕೆಯಲ್ಲೂ ಕೆಂಪು ಎದ್ದಿತ್ತು. ರಾತ್ರಿಯೆಲ್ಲ ಮುಖವನ್ನ ತೊಟ್ಟಿಲ ಬಟ್ಟೆಗೆ ಉಜ್ಜೋದು, ಅಳೋದು. ನನಗೆ ಸರ್ಪಸುತ್ತು ಅಂತಲೇ ಅನ್ನಿಸಿತು. ಬೇರೆ ಏನು ಅನ್ನಿಸಬೇಕಿತ್ತು? ಅಂಗಡಿಗೆ ಹೋಗಿ ಇಂಕಿನ ಸೀಸೆ ತಂದೆ. ನಿಯೆವೆಸ್ ಇಲ್ಲದ ಹೊತ್ತು ನೋಡ್ತಿದ್ದೆ.

ಅಕ್ಟೋಬರ್ ಕೊನೆಗೆ ಒಂದು ದಿನ ಅವಳು ಹೊರಗೆ ಹೋದಳು. ಸೀಸೆ ಮುಚ್ಚಳ ತೆಗೆದು ಕಡ್ಡಿಗೆ ಹತ್ತಿ ಸುತ್ತಿದ್ದೆ. ಆಗ ಅಂಚೆಯವನು ಬಾಗಿಲು ತಟ್ಟಿದ. ನಿನ್ನ ಕಾಗದ. ನಿಂತೇ ಓದಿದೆ. ನಾಲಿಗೆ ಕಪ್ಪಗಿತ್ತು ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಕೂಸು ತನ್ನ ಮುಷ್ಟಿ ಬಾಯಲ್ಲಿಟ್ಟುಕೊಂಡು ಚೀಪ್ತಿತ್ತು. ಕೆನ್ನೆಗೆ ಹಚ್ಚಿದ್ದು ಬಾಯಿಗೆ ಹೋಗೋಕೆ ಎಷ್ಟು ಹೊತ್ತು?

ಸಿಟ್ಟು ಬಂತು. ನಿಜ ಹೇಳ್ತೀನಿ. ನನ್ನ ಕೈಬರಹದ ಕ್ಯಾಲೆಂಡರನ್ನ ನನ್ನ ಮೇಲೇ ಸಾಕ್ಷಿಗೆ ತಂದಳಲ್ಲ ಅಂತ. ಎಂಬತ್ತೇಳನೇ ಇಸವಿ ನನಗೆ ಮರೆತೇ ಹೋಗಿತ್ತು. ಆದರೂ ಸೀಸೆ ಮುಚ್ಚಿಟ್ಟೆ. ನಿಯೆವೆಸ್ ಬಂದ ಮೇಲೆ ನಾನೇ "ಡಾಕ್ಟರ ಹತ್ತಿರ ಹೋಗೋಣ" ಅಂದೆ. ಒಲೆಯ ಬಿಸಿಗೆ, ಒಣಗಾಳಿಗೆ ಚರ್ಮ ಬಿರಿದಿದೆ ಅಂದ್ರು. ಮುಲಾಮು ಕೊಟ್ರು. ಈಗ ಕೆನ್ನೆ ಪೀಚ್ ಹಣ್ಣಿನ ಹಾಗಿದೆ.

ಆದರೆ ನಿಯೆವೆಸ್ ಕಣ್ಣಿಗೆ ಆ ಸೀಸೆ ಬಿತ್ತು. ಏನಕ್ಕೆ ಅಂತ ಕೇಳಿದಳು, ಹೇಳಿದೆ. ಒಂದು ವಾರ ನನ್ನ ಜೊತೆ ಮಾತಿಲ್ಲ. ನಾನು ಹೆಣೆದ ಶಾಲಿನಲ್ಲಿ ಎರಡು ಕಿತ್ತಳೆ ಕೂದಲು ಸಿಕ್ಕಿದ್ದಕ್ಕೆ, ಎಲ್ಲಕ್ಕೂ ಬೆಕ್ಕೇ ಕಾರಣ ಅಂತ ತೀರ್ಮಾನ ಮಾಡಿದ್ದಾಳೆ. ಡಾಕ್ಟರು ಅಲ್ಲ ಅಂದ್ರೂ ಕೇಳಲ್ಲ. ವಾಸಿಯಾಗಲಿ ಬಿಡಲಿ, ಬೆಕ್ಕಿರೋ ಮನೆಗೆ ಕಾಲಿಡಲ್ಲ ಅಂತಾಳೆ. ಕ್ರಿಸ್ಮಸ್ಸಿಗೆ ಬಂದವರು ಮಾರ್ಚ್‌ವರೆಗೂ ಅಲ್ಲೇ, ನಮ್ಮನೇಲೇ ಇರ್ತೀವಿ. ಅವಳಿಗೆ ಎದುರು ಹೇಳೋ ಬಾಯಿ ನನಗೆ ಈಗ ಇಲ್ಲ. ಆ ಬಾಯಿಯನ್ನ ಸೀಸೆ ಜೊತೆಗೇ ಮುಚ್ಚಿಟ್ಟೆ.

ಡಿಸೆಂಬರ್ ಹದಿನೆಂಟಕ್ಕೆ ಫೆರ್ಮೀನ್ ಲಾರಿ ತರ್ತಾನೆ. ಮೆಂಬ್ರೀಯೊನ ಕೊಟ್ಟು ಕಳಿಸು. ಅವನ ಬಟ್ಟೆ ಜೊತೆಗಿಡು. ನಾನು ಬರೋ ಮುಂಚೆ ಹೋಗಿರಲಿ. ನೋಡೋಕೆ ಆಗಲ್ಲ.

ದೊಡ್ಡಮ್ಮ

ಮೆಂಡೋಸಾ
೧೭ ಡಿಸೆಂಬರ್

ಪ್ರೀತಿಯ ದೊಡ್ಡಮ್ಮ,

ಈ ಕಾಗದವನ್ನು ನಿಮ್ಮ ಹೊಲಿಗೆ ಯಂತ್ರದ ಮೇಲಿಡುತ್ತೇನೆ. ಇಪ್ಪತ್ತೊಂದಕ್ಕೆ ಬಂದಾಗ ಸಿಗುತ್ತದೆ.

ಪರದೆಗಳನ್ನು ಒಗೆದಿದ್ದೇನೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಕಂಬಳಿಗಳನ್ನು ಎರಡೆರಡು ಸಲ ಕೊಡವಿದ್ದೇನೆ. ತೊಟ್ಟಿಲನ್ನು ಬೀದಿ ಕಡೆಯ ಕೋಣೆಯಲ್ಲಿಡಬೇಡಿ, ಹಿಂದಿನದರಲ್ಲಿಡಿ. ಅಲ್ಲಿ ಧೂಳು ಕಡಿಮೆ. ನೆಲಕ್ಕೆ ಮಾತ್ರ ಸೀಮೆಎಣ್ಣೆ ಹಾಕಿಲ್ಲ. ಇನ್ನೇನು ತೆವಳಲು ಕಲಿಯುವ ಮಗುವಿಗೂ ಅದು ಬೇಡ ಎಂದು ನನ್ನ ಅಭಿಪ್ರಾಯ. ಕಾಸಿಲ್ದಾ ತಮ್ಮ ಕಟ್ಟೆಯ ಜೊತೆ ನಮ್ಮದನ್ನೂ ಹೊಳೆಯಿಸಲು ಬಂದರೆ ತಡೆಯಿರಿ.

ಫೆರ್ಮೀನ್ ಮಾವ ಒಂದು ದಿನ ಮೊದಲೇ, ಇವತ್ತೇ ಬಂದರು. ಲಾರಿಯಲ್ಲಿ ಟೊಮೆಟೊ ಪೆಟ್ಟಿಗೆಗಳ ನಡುವೆ ಒಂದು ಖಾಲಿ ಪೆಟ್ಟಿಗೆ, ಅದಕ್ಕೆ ತಂತಿಯ ಮುಚ್ಚಳ.

"ಎಲ್ಲಮ್ಮ ನಿಮ್ಮ ಸಾಹೇಬರು?"

"ಅವನು ಬರಲ್ಲ ಮಾವ."

"ನಿಮ್ಮ ದೊಡ್ಡಮ್ಮ ಹೇಳಿದ್ದಾಳೆ."

"ಗೊತ್ತು. ಆದ್ರೂ ಕಳಿಸಲ್ಲ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನೀನು ಇಷ್ಟು ಮಾತಾಡಿದ್ದನ್ನ ನಾನು ಕೇಳೇ ಇಲ್ಲ, ನೋಡು. ನಿಜ ಹೇಳ್ಬೇಕಂದ್ರೆ ನನಗೂ ಮನಸ್ಸಿರ್ಲಿಲ್ಲ. ಹೋದ ತಿಂಗಳು ಬಂದ ಬೆಕ್ಕನ್ನ ನಾಯಿಗಳು ಎರಡು ದಿನವೂ ಇಟ್ಕೊಳ್ಳಲಿಲ್ಲ." ಆಮೇಲೆ ಒಂದು ಪೆಟ್ಟಿಗೆ ಟೊಮೆಟೊ ಇಳಿಸಿ ಹೋದರು. ಅಡುಗೆಮನೆಯಲ್ಲಿದೆ.

ಹತ್ತು ದಿನದಿಂದ ಪಾಠ ಮುಗಿದಮೇಲೆ ಊರು ಸುತ್ತುತ್ತಿದ್ದೆ, ತಲೆ ಎತ್ತಿಕೊಂಡು. ಮರಗಳನ್ನು ನೋಡಲು. ಮೂರು ಬೀದಿ ಪ್ಲಾತನೊ ಇಲ್ಲದ ಜಾಗ ಸಿಗುವುದು ಈ ಊರಿನಲ್ಲಿ ಸುಲಭವಲ್ಲ. ಕೊನೆಗೆ ದಕ್ಷಿಣದ ಕಡೆ, ಹೆಬ್ಬೇವಿನ ಸಾಲಿರುವ ಒಂದು ಗಲ್ಲಿ ಸಿಕ್ಕಿತು. ಅಲ್ಲಿ ಬಾಗಿಲುಗಳನ್ನು ತಟ್ಟಿ ಕೋಣೆ ಇದೆಯೇ ಎಂದು ಕೇಳಿದೆ. ಐದನೆಯ ಮನೆಯಲ್ಲಿತ್ತು. ಮನೆಯೊಡತಿ ಕೋಣೆ ತೋರಿಸುವ ಮೊದಲೇ ನಾನು ಹಿತ್ತಲಿನಲ್ಲಿ ಯಾವ ಮರವಿದೆ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. "ಎಲ್ಲಾರೂ ಬಿಸಿನೀರು ಬರುತ್ತಾ ಅಂತ ಕೇಳ್ತಾರೆ. ನೀನೊಬ್ಬಳು ಮರ ಕೇಳ್ತೀಯಲ್ಲ ತಾಯಿ!" ಬೆಕ್ಕಿನ ವಿಷಯವನ್ನೂ, ಅವನ ಚರ್ಮದ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಹಿತ್ತಲಿನಲ್ಲಿರುವುದು ಒಂದು ಅಂಜೂರ.

ಹೆಬ್ಬೇವು ಅವನಿಗೆ ಒಗ್ಗುತ್ತದೆಯೋ ಇಲ್ಲವೋ ಡಾಕ್ಟರ್ ಲುಸೆರೋಗೂ ಗೊತ್ತಿಲ್ಲ. "ಬರ್ಕೊಂಡು ಹೋಗು, ಸೆಪ್ಟೆಂಬರಲ್ಲಿ ನೋಡೋಣ" ಎಂದಿದ್ದಾರೆ. ಬಂದರೆ ಒರೆಸುತ್ತೇನೆ. ಈಗ ಅದು ಹೇಗೆಂದು ಗೊತ್ತಿದೆ. ಬಾಡಿಗೆಯ ಚಿಂತೆ ಮಾಡಬೇಡಿ. ಡಿಸೆಂಬರಿನಲ್ಲಿ ತೇರ್ಗಡೆಯಾದವರು ನನ್ನ ಹೆಸರು ಹೇಳುತ್ತಾರೆ, ಆಗದವರು ಮಾರ್ಚ್ ಪರೀಕ್ಷೆಗೆ ಮತ್ತೆ ಬರುತ್ತಾರೆ.

ನಿಯೆವೆಸ್ ಅಕ್ಕನಿಗೆ ನಾನು ಕೋಪಿಸಿಕೊಂಡು ಹೋಗಿಲ್ಲ ಎಂದು ತಿಳಿಸಿ. ಮಗುವನ್ನು ನೋಡಲು ಕ್ರಿಸ್ಮಸ್ ದಿನ ಬರುತ್ತೇನೆ. ಒಗೆದ ಬಟ್ಟೆ ಹಾಕಿಕೊಂಡು ಬರುತ್ತೇನೆ. ನಿಮಗೆ ಅವನನ್ನು ನೋಡಬೇಕೆನಿಸಿದರೆ ವಿಳಾಸ ಈ ಹಾಳೆಯ ಹಿಂದಿದೆ. ಬರುವಾಗ ನಿಯೆವೆಸ್ ಅಕ್ಕನಿಗೆ ಹೇಳಿಯೇ ಬನ್ನಿ, ಮುಚ್ಚಿಟ್ಟು ಬರಬೇಡಿ.

ಮನೆಯ ಕೀಲಿ ಕಾಸಿಲ್ದಾ ಅವರ ಹತ್ತಿರ ಕೊಟ್ಟಿರುತ್ತೇನೆ. ನಾಳೆ ಬೆಳಿಗ್ಗೆ, ಗಾಳಿ ಏಳುವ ಮೊದಲು, ನಾವಿಬ್ಬರೂ ಹೊರಡುತ್ತೇವೆ.

ನಿಮ್ಮ,
ಲಿಸಾಂದ್ರಾ